ಗ್ರೀಸಪ್ಪನ ಕೈ ತೊಳೆದ ದಿನ

ಗ್ರೀಸಪ್ಪನ ಕಷ್ಟಕ್ಕೆಲ್ಲ ಮೂಲ ಒಂದು ಕೈಕುಲುಕು.

ಹೋದ ವಾರ ಅವನು ಮೋಟಾರು ತರಬೇತಿ ಶಾಲೆಗೆ ಮೇಷ್ಟ್ರ ಕೆಲಸ ಕೇಳಿಕೊಂಡು ಹೋಗಿದ್ದ. ಬಿಳಿ ಅಂಗಿಯ ಪ್ರಿನ್ಸಿಪಾಲರು ಎದ್ದು ನಿಂತು ಕೈ ಚಾಚಿದರು. ಇವನೂ ಚಾಚಿದ. ಅಲ್ಲಿಂದ ಮುಂದೆ ಪ್ರಿನ್ಸಿಪಾಲರು ಇವನ ಮುಖ ನೋಡಲಿಲ್ಲ, ಒಂದು ಪ್ರಶ್ನೆ ಕೇಳಲಿಲ್ಲ. ತಮ್ಮ ಅಂಗೈಯನ್ನೇ ತಿರುವಿ ತಿರುವಿ ನೋಡುತ್ತ ಕುಳಿತರು. ಕೊನೆಗೆ, "ಮುಂದಿನ ವಾರ ಬನ್ನಿ, ಎಂಜಿನ್ ಬಿಚ್ಚಿಸಿ ನೋಡ್ತೀವಿ. ಬರೋವಾಗ ಸ್ವಲ್ಪ..." ಎಂದು ಮಾತನ್ನು ಅಲ್ಲಿಗೇ ಬಿಟ್ಟು ನಲ್ಲಿಯ ಕಡೆ ನಡೆದರು.

ಆ 'ಸ್ವಲ್ಪ' ಏನೆಂಬುದು ಗ್ರೀಸಪ್ಪನಿಗೆ ತಿಳಿಯದ್ದಲ್ಲ. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಗ್ಯಾರೇಜಿನಲ್ಲಿ ಅವನ ಕೈ ಮೀಸೆ ಮೂಡುವ ಮೊದಲೇ ಕರಿಯಾಗಿತ್ತು, ಮೊಸರು ಮಾತ್ರ ಇನ್ನೂ ದಾರಿಯಲ್ಲೇ ಇತ್ತು. ಮನೆಯ ಸ್ವಿಚ್ಚು, ಬಾಗಿಲ ಚಿಲಕ, ಮಗಳ ಗಣಿತದ ಪುಸ್ತಕ, ಎಲ್ಲದರ ಮೇಲೂ ಅವನ ಹೆಬ್ಬೆರಳು ಅಚ್ಚಾಗಿತ್ತು. ಹಾಗಾಗಿ ಅವನ ನಿಜವಾದ ಹೆಸರು ಬೀದಿಗೆಲ್ಲ ಮರೆತುಹೋಗಿ ಗ್ರೀಸಪ್ಪ ಎಂಬುದೇ ಉಳಿಯಿತು.

ಆದರೆ ಅವನಿಗೆ ಆ ಕೆಲಸ ಬೇಕೇ ಬೇಕಿತ್ತು. ಕಾರುಗಳ ಕೆಳಗೆ ಅಂಗಾತ ಮಲಗಿ ಮಲಗಿ ಬೆನ್ನು ಕೈಕೊಟ್ಟಿತ್ತು. ಬೆಳಿಗ್ಗೆ ಗೋಡೆ ಹಿಡಿಯದೆ ಏಳಲಾಗುತ್ತಿರಲಿಲ್ಲ. "ಇನ್ನೂ ಹಿಂಗೇ ಮಲಗ್ತಾ ಇದ್ರೆ ನಿಮ್ಮನ್ನ ಎಬ್ಬಿಸೋಕೆ ಜ್ಯಾಕ್ ತರಬೇಕಾಗುತ್ತೆ" ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಶಾಲೆಯದು ನಿಂತು ಮಾಡುವ ಕೆಲಸ, ಬೇಕೆನಿಸಿದಾಗ ಕೂರುವ ಕೆಲಸ, ಜನ 'ಮೇಷ್ಟ್ರೇ' ಎಂದು ಕರೆಯುವ ಕೆಲಸ. ಅದಕ್ಕಿಂತ ಹೆಚ್ಚಿನದೇನನ್ನೂ ಅವನು ಕೇಳಿರಲಿಲ್ಲ.

ಇತ್ತ ಅವನ ಹೆಂಡತಿಗೆ ಗಿಡದ ರಸದಿಂದ ಮೈತೊಳೆಯುವ ದ್ರವ ಮಾಡುವ ಹುಚ್ಚು. ಅಡಿಗೆಮನೆಯ ಹಿಂದಿನ ಕಿರುಜಗಲಿಯೇ ಅವಳ ಪ್ರಯೋಗಶಾಲೆ. ಮೊದಲ ಸಲದ ದ್ರವಕ್ಕೆ ಟವೆಲ್ಲುಗಳ ಜೊತೆಗೆ ಮನೆಮಂದಿಯೂ ಹಸಿರಾದರು. ಆಮೇಲಿನದನ್ನು ಹಚ್ಚಿಕೊಂಡ ಪಕ್ಕದ ಮನೆಯ ದರ್ಜಿಯನ್ನು ಇರುವೆಗಳು ಸಾಲುಗಟ್ಟಿ ಅಂಗಡಿಯವರೆಗೂ ಕಳಿಸಿಕೊಟ್ಟು ಬಂದವು. ಬೇರೆ ಯಾರಾದರೂ ಆಗಿದ್ದರೆ ಪಾತ್ರೆ ತೊಳೆದು ಬೋರಲು ಹಾಕುತ್ತಿದ್ದರು. ಅವಳು ಹಿಡಿದದ್ದನ್ನು ಬಿಡುವ ಹೆಂಗಸಲ್ಲ.

ಈ ಸಲ ಅವಳಿಗೆ ಗುಟ್ಟು ಹೊಳೆದಿತ್ತು. ಇಷ್ಟು ದಿನ ಲೋಳೆಸರವನ್ನೂ ಅಂಟುವಾಳದ ಜೊತೆಗೇ ಬೇಯಿಸಿ ಅದರ ಜೀವ ತೆಗೆಯುತ್ತಿದ್ದಳು. ಈಗ ನೆನೆಸಿದ ಅಂಟುವಾಳವನ್ನಷ್ಟೇ ಬೇಯಿಸಿ, ಹಿಸುಕಿ, ಬಟ್ಟೆಯಲ್ಲಿ ಸೋಸಿ, ಪೂರ್ತಿ ಆರಿದ ಮೇಲೆ ಲೋಳೆಸರದ ತಿರುಳು, ದಾಸವಾಳದ ಎಲೆಯ ಲೋಳೆ, ಒಣಗಿದ ನಿಂಬೆಸಿಪ್ಪೆಯ ಪುಡಿ ಸೇರಿಸಿ ಕಡೆದಳು. ಪಾತ್ರೆಯ ತುಂಬ ಸಣ್ಣನೆಯ, ಒತ್ತಾದ ನೊರೆ ಎದ್ದಿತು. ಎಷ್ಟು ಹೊತ್ತಾದರೂ ಅದು ಇಳಿಯಲಿಲ್ಲ. ಅವಳು ಸೌಟು ಹಿಡಿದುಕೊಂಡು ಅದನ್ನೇ ನೋಡುತ್ತ ನಿಂತುಬಿಟ್ಟಳು.

ಅವಳದೊಂದು ಕಟ್ಟುನಿಟ್ಟು. ಯಾವುದನ್ನೇ ಆಗಲಿ ಮೊದಲು ತನ್ನ ಮೊಣಕೈಯ ಒಳಬದಿಗೆ ಹಚ್ಚಿ ಒಂದು ದಿನ ಕಾಯುತ್ತಾಳೆ. ತುರಿಕೆಯಿಲ್ಲ, ಉರಿಯಿಲ್ಲ ಎಂದು ಖಾತ್ರಿಯಾದ ಮೇಲಷ್ಟೇ ಬೇರೆಯವರ ಮೈ. ಆ ಒಂದು ದಿನ ಮುಗಿದದ್ದು, ಗ್ರೀಸಪ್ಪ ಎಂಜಿನ್ ಬಿಚ್ಚಲು ಹೋಗಬೇಕಾಗಿದ್ದ ದಿನದ ಬೆಳಿಗ್ಗೆ.

"ರೀ, ಕೈ ಚಾಚಿ" ಎಂದಳು.

"ನಾನೇ ಯಾಕೆ? ದರ್ಜಿ ಇದಾನಲ್ಲ."

"ಅವರದ್ದು ಬರೀ ಧೂಳು. ಕೊಳೆ ಅಂದ್ರೆ ನಿಮ್ದು."

ಮದುವೆಯಾದಾಗಿನಿಂದ ಅವಳು ಅವನನ್ನು ಹೊಗಳಿದ್ದು ಕಡಿಮೆ. ಅವನು ಕೈ ಚಾಚಿದ.

ಅವಳು ಹಚ್ಚಿದಳು, ತಿಕ್ಕಿದಳು, ನೀರು ಹೊಯ್ದಳು. ಬಚ್ಚಲಿಗೆ ಇಳಿದ ನೀರು ಮೊದಲು ಡಾಂಬರಿನಂತಿತ್ತು, ಆಮೇಲೆ ಚಹಾದಂತಾಯಿತು, ಆಮೇಲೆ ನೀರಿನಂತೆಯೇ ಆಯಿತು. ಗ್ರೀಸಪ್ಪ ಬಗ್ಗಿ ನೋಡಿದ. ಅವನ ಮಣಿಕಟ್ಟಿನ ತುದಿಯಲ್ಲಿ ಯಾರದೋ ಕೈಗಳಿದ್ದವು. ಉಗುರಿನ ಬುಡದಲ್ಲಿ ಬೆಳ್ಳನೆಯ ಅರ್ಧಚಂದ್ರ. ಅಂಗೈಯಲ್ಲಿ ಗೆರೆಗಳು. ಚಿಕ್ಕಂದಿನಲ್ಲಿ ಮರದಿಂದ ಬಿದ್ದಾಗ ಆದ ಗಾಯದ ಗುರುತು, ಹೆಬ್ಬೆರಳ ಬುಡದಲ್ಲಿ, ಇಟ್ಟ ಹಾಗೆಯೇ ಇತ್ತು.

ಹೆಂಡತಿಯೂ ನೋಡುತ್ತಿದ್ದಳು. "ಮದುವೆಯಾದ ಮೇಲೆ ನಿಮ್ ಕೈ ನೋಡ್ತಿರೋದು ಇದೇ ಮೊದಲು" ಎಂದಳು, ಮೆಲ್ಲಗೆ.

ಗಲಾಟೆಯಿಲ್ಲದ್ದನ್ನು ಕಂಡು ಏನೋ ಅನಾಹುತವಾಗಿದೆ ಎಂದುಕೊಂಡು ಅವನ ತಾಯಿ ಒಳಗಿನಿಂದ ಎದ್ದು ಬಂದರು. ಕಣ್ಣು ಮಂಜಾಗಿದ್ದ ಮುದುಕಿ ಮಗನ ಕೈಯನ್ನು ತಮ್ಮ ಕೈಯೊಳಗೆ ಇಟ್ಟುಕೊಂಡು ಸವರಿದರು. "ಇದು ನಿಮ್ಮಪ್ಪನ ಕೈ ಕಣೋ. ಇಷ್ಟು ದಿನ ಎಲ್ಲಿಟ್ಟಿದ್ದೆ?" ಎಂದರು.

ಸುದ್ದಿಗೆ ಕಾಲಿಲ್ಲದಿದ್ದರೂ ಎದುರುಮನೆ ಅಕ್ಕನಿಗೆ ಇತ್ತು. ನೀರು ಕಾಯುವಷ್ಟರಲ್ಲಿ ಕಿರುಜಗಲಿಯ ತುಂಬ ಜನ. ಎಲ್ಲರೂ ಮೂಗಿನ ಮೇಲೆ ಬೆರಳಿಟ್ಟರು. ದರ್ಜಿ ತನ್ನ ಅಳತೆ ಪಟ್ಟಿಯನ್ನು ಕೊರಳಿಂದ ತೆಗೆದು ಜೇಬಿಗಿಟ್ಟುಕೊಂಡು ಕೈಕಟ್ಟಿ ನಿಂತ. ಅದೇ ಬೀದಿಯಲ್ಲಿದ್ದ ನಿವೃತ್ತ ಹೆಡ್ಮಾಸ್ಟರು ಮಾತ್ರ ಕನ್ನಡಕ ಏರಿಸಿ, ಒಂದು ಸುತ್ತು ಬಂದು ತಪ್ಪು ಹಿಡಿದರು.

"ಮೊಣಕೈವರೆಗೆ ಮಾತ್ರ ತೊಳೆದಿದ್ದೀಯಮ್ಮ. ಯಾರದೋ ಕೈ ತಂದು ಜೋಡಿಸಿದ ಹಾಗಿದೆ. ಸಂದರ್ಶನಕ್ಕೆ ಹಿಂಗೆ ಹೋದ್ರೆ ಕಳ್ಳಮಾಲು ಅಂತಾರೆ."

"ಹೌದು ಅತ್ತಿಗೆ, ಭುಜದವರೆಗೂ ಏರಿಸಿ" ಎಂದ ದರ್ಜಿ.

ಭುಜದವರೆಗೆ ಏರಿಸಿದ ಮೇಲೆ ಕುತ್ತಿಗೆ ಕೆಟ್ಟದಾಗಿ ಕಂಡಿತು. ಕುತ್ತಿಗೆ ಆದ ಮೇಲೆ ಕಿವಿ. "ಕಿವಿ ಹಿಂದುಗಡೆ ಬಿಡಬೇಡ, ನೆಲ ಉತ್ತು ಬಿತ್ತಬಹುದು" ಎಂದರು ಎದುರುಮನೆ ಅಕ್ಕ. ಗ್ರೀಸಪ್ಪ ಬೇಡವೆನ್ನುವಷ್ಟರಲ್ಲಿ ಮುಖವೂ ಮುಗಿದಿತ್ತು. ಅವನು ಅಂಗಿ ತೊಟ್ಟು ಹೊರಗೆ ಬಂದರೆ, ದಿನವೂ ಅವನ ಕಾಲಡಿಯಲ್ಲೇ ಮಲಗುತ್ತಿದ್ದ ಗ್ಯಾರೇಜಿನ ನಾಯಿ ಹಲ್ಲು ಕಿರಿದು ಬೊಗಳಿತು. ಫೋನು ತೆಗೆಯಲು ಹೆಬ್ಬೆರಳು ಒತ್ತಿದ. ಫೋನೂ ಅವನನ್ನು ಒಪ್ಪಲಿಲ್ಲ. ಅದು ಗುರುತಿಟ್ಟುಕೊಂಡಿದ್ದದ್ದು ಗ್ರೀಸಿನ ಹೆಬ್ಬೆರಳನ್ನು.

ಇನ್ನು ಆ ಕೈಗಳನ್ನು ಶಾಲೆಯವರೆಗೆ ಕಲೆಯಾಗದಂತೆ ಸಾಗಿಸುವುದು ಬೀದಿಯ ಜವಾಬ್ದಾರಿಯಾಯಿತು. ಏನನ್ನೂ ಮುಟ್ಟಕೂಡದು ಎಂದು ಹೆಡ್ಮಾಸ್ಟರು ಅಪ್ಪಣೆ ಮಾಡಿದರು. ಬಸ್ಸಿನಲ್ಲಿ ಕಂಬಿ ಹಿಡಿಯದೆ ನಿಂತ ಗ್ರೀಸಪ್ಪನನ್ನು ಒಂದು ಕಡೆಯಿಂದ ದರ್ಜಿ, ಇನ್ನೊಂದು ಕಡೆಯಿಂದ ಹೆಡ್ಮಾಸ್ಟರು ಒತ್ತಿ ಹಿಡಿದರು. ಕಂಡಕ್ಟರು, "ಯಾವ ಆಪರೇಷನ್ ಆಗಿದೆ ಪಾಪ?" ಎಂದು ಕೇಳಿ ಸೀಟು ಬಿಡಿಸಿಕೊಟ್ಟ. ಕಿಟಕಿಯ ಪಕ್ಕ ಕೂತ ಗ್ರೀಸಪ್ಪ ದಾರಿಯುದ್ದಕ್ಕೂ ಬಿಸಿಲಿಗೆ ಬೆರಳು ಹಿಡಿದು ನೋಡಿದ. ಬೆರಳ ಸಂದಿಯಲ್ಲಿ ಕೆಂಪಗೆ ಬೆಳಕು ಹಾಯುತ್ತಿತ್ತು. ತನ್ನ ಕೈಯೊಳಗೆ ಬೆಳಕು ಹಾಯುತ್ತದೆ ಎಂಬುದೇ ಅವನಿಗೆ ಗೊತ್ತಿರಲಿಲ್ಲ.

ಪ್ರಿನ್ಸಿಪಾಲರು ಈ ಸಲ ಕೈ ಚಾಚಲಿಲ್ಲ. ಗ್ರೀಸಪ್ಪನೇ ಚಾಚಿದ. ಅವರು ಹಿಂಜರಿಯುತ್ತ ಕೊಟ್ಟು, ಹಿಂದಕ್ಕೆ ತೆಗೆದುಕೊಂಡು, ಅಂಗೈ ನೋಡಿಕೊಂಡು, ನೆಮ್ಮದಿಯಿಂದ ನಕ್ಕರು. ಕೆಲಸ ಅರ್ಧ ಸಿಕ್ಕಿತೆಂದು ಬಾಗಿಲ ಬಳಿ ನಿಂತಿದ್ದ ದರ್ಜಿ ಹೆಡ್ಮಾಸ್ಟರಿಗೆ ಕಣ್ಣಿನಲ್ಲೇ ಹೇಳಿದ.

ಒಳಗೆ ಮೇಜಿನ ಮೇಲೆ ಎಂಜಿನ್ ಇತ್ತು. ಪಕ್ಕದಲ್ಲಿ ನಿವೃತ್ತಿಯಾಗಲಿದ್ದ ಹಳೆಯ ಮೇಷ್ಟ್ರು ನಿಂತಿದ್ದರು. ಅವರ ಕೈ ಮೊಣಕೈಯವರೆಗೆ ಕಾಡಿಗೆಯಂತಿತ್ತು. "ಬಿಚ್ಚಪ್ಪ" ಎಂದರು.

ಗ್ರೀಸಪ್ಪನಿಗೆ ಆ ಎಂಜಿನ್ ಕಣ್ಣು ಕಟ್ಟಿದರೂ ಬರುತ್ತಿತ್ತು. ಮುಂದಕ್ಕೆ ಬಾಗಿದ. ಕೆಳಗಿನಿಂದ ಕರಿಯ ಎಣ್ಣೆ ತೊಟ್ಟಿಕ್ಕುತ್ತಿತ್ತು. ಅವನು ಎಣ್ಣೆ ನೋಡಿದ, ತನ್ನ ಕೈ ನೋಡಿದ, ಮತ್ತೆ ಎಣ್ಣೆ ನೋಡಿದ. ತಾಯಿ ಸವರಿದ ಕೈ. ಹೆಂಡತಿ ಮೊದಲ ಸಲ ಕಂಡ ಕೈ. ಬೆಳಕು ಹಾಯುವ ಕೈ. ಅದನ್ನು ಅಲ್ಲಿಗೆ ಇಳಿಸಲು ಅವನಿಂದ ಆಗಲೇ ಇಲ್ಲ.

"ಸಾರ್" ಎಂದ, ಸಣ್ಣ ದನಿಯಲ್ಲಿ. "ಒಂದು ಜೊತೆ ಕೈಗವಸು ಸಿಗುತ್ತಾ?"

ಹಳೆಯ ಮೇಷ್ಟ್ರು ಬಂದು ಅವನ ಅಂಗೈಯನ್ನು ತಿರುಗಿಸಿ ನೋಡಿದರು. "ಸಾರ್, ಇವನು ಸ್ಪ್ಯಾನರ್ ಹಿಡಿದವನಲ್ಲ. ಇದು ಪಿಟೀಲು ಬಾರಿಸೋನ ಕೈ. ಹೋದ ವಾರ ಬಂದಿದ್ದವನ ಕೈ ಕರಿ ಅಂತ ನೀವೇ ಹೇಳಿದ್ರಲ್ಲ, ಅವನು ಇವನಲ್ಲ, ಯಾರನ್ನೋ ಕಳಿಸಿದಾರೆ."

"ನಾನೇ ಸಾರ್. ಹೋದ ವಾರ ಕೈ ಕೊಟ್ಟೆನಲ್ಲ" ಎಂದ ಗ್ರೀಸಪ್ಪ.

"ಆ ಕೈಯನ್ನ ನಾನು ಮರೆಯೋದುಂಟಾ?" ಎಂದರು ಪ್ರಿನ್ಸಿಪಾಲರು. "ಇದು ಅದಲ್ಲ."

ದರ್ಜಿಯೂ ಹೆಡ್ಮಾಸ್ಟರೂ ಒಳಗೆ ನುಗ್ಗಿ ಸಾಕ್ಷಿ ಹೇಳಿದರು. ಇಬ್ಬರೂ ಒಟ್ಟಿಗೇ ಮಾತಾಡಿದ್ದರಿಂದ ಅಂಟುವಾಳ, ಇರುವೆ, ಹಸಿರು ಟವೆಲ್ಲು ಎಲ್ಲ ಕಲಸಿಹೋಗಿ ಪ್ರಿನ್ಸಿಪಾಲರಿಗೆ ಅನುಮಾನ ಇನ್ನಷ್ಟು ಬಲವಾಯಿತು. ಕೊನೆಗೆ ದರ್ಜಿ ತನ್ನ ಫೋನಿನಿಂದ ಎದುರುಮನೆ ಅಕ್ಕನಿಗೆ ಹೇಳಿ, ಗ್ರೀಸಪ್ಪನ ಹೆಂಡತಿಯನ್ನು ಬಾಟಲಿ ಸಮೇತ ಕರೆಸಿದ.

ಅವಳು ಬಂದಳು. ಯಾರ ಮುಖವನ್ನೂ ನೋಡಲಿಲ್ಲ. ಕೋಣೆಯಲ್ಲಿದ್ದ ಕೈಗಳನ್ನಷ್ಟೇ ನೋಡಿ, ಹಳೆಯ ಮೇಷ್ಟ್ರ ಮುಂದೆ ನಿಂತಳು. "ನೀವು ಬನ್ನಿ ಅಣ್ಣ. ಮೊದಲು ಒಂದು ಚೂರು ಹಚ್ಚಿ ನೋಡ್ತೀನಿ, ಉರಿದ್ರೆ ಹೇಳಿ."

ಉರಿಯಲಿಲ್ಲ. ನೊರೆ ಎದ್ದಿತು. ತೊಟ್ಟಿಯ ನೀರು ಕಪ್ಪಾಗಿ ಹರಿಯುತ್ತಿದ್ದಂತೆ ಪ್ರಿನ್ಸಿಪಾಲರು ಕುರ್ಚಿ ಬಿಟ್ಟು ಎದ್ದು ಬಂದರು. ಗುಮಾಸ್ತರು ಬಂದರು, ಪಕ್ಕದ ತರಗತಿಯವರು ಕಿಟಕಿಗೆ ಜೋತುಬಿದ್ದರು. ಎಷ್ಟೋ ಬ್ಯಾಚುಗಳು ನೋಡಿಯೇ ಇರದ ಕೈಗಳು ನೊರೆಯೊಳಗಿನಿಂದ ಗುಲಾಬಿ ಬಣ್ಣಕ್ಕೆ ಹೊರಬಂದವು. ಅವುಗಳ ಹಿಂದೆಯೇ, ಬಲ ಮುಂಗೈಯ ಮೇಲೆ, ಹಸಿರು ಹಚ್ಚೆಯಲ್ಲಿ ಬರೆಸಿದ ಒಂದು ಹೆಣ್ಣಿನ ಹೆಸರೂ ಹೊರಬಂತು.

"ಅಬ್ಬ" ಎಂದರು ಪ್ರಿನ್ಸಿಪಾಲರು. "ಹೆಂಡತಿ ಅಂದ್ರೆ ಎಂಥ ಪ್ರೀತಿ ನೋಡ್ರಿ."

ಹಳೆಯ ಮೇಷ್ಟ್ರು ಆ ಹೆಸರನ್ನು ಬಹಳ ಹೊತ್ತು ನೋಡಿದರು. ಕಣ್ಣು ತೇವವಾಯಿತು. ಆಮೇಲೆ ಏನೋ ನೆನಪಾಗಿ ಮುಖ ಬಿಳಿಚಿಕೊಂಡಿತು. ಗ್ರೀಸಪ್ಪನ ಹೆಂಡತಿಯ ಕಿವಿಯ ಹತ್ತಿರ ಬಂದು ಕೇಳಿದರು, "ತಾಯಿ, ಇದನ್ನ ಮತ್ತೆ ಮುಚ್ಚೋಕೆ ಏನಾದ್ರೂ ಇದ್ಯಾ? ಸಾಯಂಕಾಲ ಮನೆಗೆ ಹೋಗಬೇಕು."

ಪ್ರಿನ್ಸಿಪಾಲರಿಗೆ ಅದು ಕೇಳಿಸಲಿಲ್ಲ. ಅವರು ಬಾಟಲಿಯನ್ನು ಎರಡೂ ಕೈಯಲ್ಲಿ ಎತ್ತಿ ಬೆಳಕಿಗೆ ಹಿಡಿದಿದ್ದರು. ಈ ಶಾಲೆಯ ಗೋಡೆ, ಬಾಗಿಲು, ತಮ್ಮ ಅಂಗಿ, ಇವುಗಳ ಮೇಲೆ ಬಿದ್ದ ಕರಿಗೈಗಳನ್ನೆಲ್ಲ ನೆನೆಯುತ್ತ ಗ್ರೀಸಪ್ಪನ ಹೆಂಡತಿಯ ಕಡೆ ತಿರುಗಿದರು.

"ಮೇಡಂ, ಇದನ್ನ ನಮ್ಮಲ್ಲಿ ಹೇಳಿಕೊಡ್ತೀರಾ? ಕಲಿಯೋರು ಮಾಡೋದೂ ಕಲೀಲಿ, ತೊಳ್ಕೊಳ್ಳೋದೂ ಕಲೀಲಿ. ಖಾಲಿ ಇರೋದು ಒಂದೇ ಜಾಗ. ಅದನ್ನ ನಿಮಗೇ ಕೊಡ್ತೀನಿ. ಎಂಜಿನ್ ಪಾಠ ಇನ್ನೊಂದು ವರ್ಷ ನಮ್ಮ ಹಳೇ ಮೇಷ್ಟ್ರೇ ಮಾಡಲಿ."

ಹಳೆಯ ಮೇಷ್ಟ್ರು ಬೇಗಬೇಗ ತಲೆಯಾಡಿಸಿದರು. ಎಂಜಿನ್ ಇದ್ದ ಕಡೆ ಎಣ್ಣೆ ಇರುತ್ತದೆ, ಎಣ್ಣೆ ಇದ್ದರೆ ಹಚ್ಚೆ ಮುಚ್ಚುತ್ತದೆ. ಆಗಲೇ ಅವರು ಮುಂಗೈಯನ್ನು ಮೇಜಿನಂಚಿನ ಎಣ್ಣೆಗೆ ಒರೆಸತೊಡಗಿದ್ದರು.

"ಮತ್ತೆ ನಾನು ಸಾರ್?" ಎಂದ ಗ್ರೀಸಪ್ಪ. ಅವನ ಬೆನ್ನು ಆ ಹೊತ್ತಿಗೇ ಚುಳಕ್ ಎಂದಿತು.

ಪ್ರಿನ್ಸಿಪಾಲರಿಗಿಂತ ಮೊದಲು ಅವನ ಹೆಂಡತಿಯೇ ಬಾಯಿ ಹಾಕಿದಳು. "ಅವರೂ ಬೇಕು ಸಾರ್. ಪಾಠ ಮಾಡೋಕೆ ಕೊಳೆ ಬೇಕಲ್ಲ. ಕಲಿಯೋರ ಕೈಯಲ್ಲಿರೋದೆಲ್ಲ ಮೊನ್ನೆ ಮೊನ್ನೆದು. ತೊಳೆದು ತೋರಿಸೋಕೆ ನಮ್ಮನೆಯವರದ್ದೇ ಆಗಬೇಕು."

"ಧಾರಾಳವಾಗಿ ಕರ್ಕೊಂಡು ಬನ್ನಿ" ಎಂದರು ಪ್ರಿನ್ಸಿಪಾಲರು. ಗುಮಾಸ್ತರ ಕಡೆ ತಿರುಗಿ, "ಅವರನ್ನ ಸಾಮಗ್ರಿ ಕೆಳಗೆ ಬರ್ಕೊಳ್ಳಿ" ಎಂದರು.

ವಾಪಸು ಬರುವಾಗ ಬಸ್ಸಿನಲ್ಲಿ ಎಲ್ಲರೂ ಅವಳಿಗೆ ಜಾಗ ಬಿಟ್ಟರು. ದರ್ಜಿ ಆಗಲೇ ಅವಳನ್ನು "ಮೇಷ್ಟ್ರಮ್ಮ" ಎಂದು ಕರೆಯತೊಡಗಿದ್ದ. ಬಾಟಲಿಯನ್ನು ಹೆಡ್ಮಾಸ್ಟರು ಮಡಿಲಲ್ಲಿಟ್ಟುಕೊಂಡು ಕಾಯುತ್ತಿದ್ದರು. ಗ್ರೀಸಪ್ಪ ಅವಳ ಪಕ್ಕದಲ್ಲಿ ಕೂತು ಇಳಿಬಿಸಿಲಿಗೆ ಬೆರಳು ಹಿಡಿದು ನೋಡುತ್ತಿದ್ದ. ಹೆಂಡತಿಯ ಬಗ್ಗೆ ಹೆಮ್ಮೆ ಉಕ್ಕುತ್ತಿತ್ತು, ತಾನು ಸಾಮಗ್ರಿಯಾದ ಸಂಕಟವೂ ಇತ್ತು. ಯಾವುದು ಹೆಚ್ಚು ಎಂದು ಅವನಿಗೇ ತಿಳಿಯಲಿಲ್ಲ.

"ಚೆನ್ನಾಗಿದೆ ಅಲ್ವಾ?" ಎಂದ, ಕೈ ತೋರಿಸಿ.

ಅವಳು ಆ ಕೈಯನ್ನು ಹಿಡಿದುಕೊಂಡಳು, ತುಂಬಿದ ಬಸ್ಸಿನಲ್ಲಿ, ಎಲ್ಲರೆದುರಿಗೆ. ಉಗುರೊಂದೊಂದನ್ನೂ ನೋಡಿದಳು. ಇಳಿಯುವ ಜಾಗ ಬರುವವರೆಗೂ ಬಿಡಲಿಲ್ಲ.

"ತುಂಬಾ ಚೆನ್ನಾಗಿದೆ" ಎಂದಳು. "ಈಗ ಸೀದಾ ಗ್ಯಾರೇಜಿಗೆ ಹೋಗಿ ಯಾವ್ದಾದ್ರೂ ಕಾರಿನ ಕೆಳಗೆ ಮಲಗಿ. ನಾಳೆ ಬೆಳಿಗ್ಗೆ ನಂಗೆ ಪಾಠ ಇದೆ."