ಕೆಂಪು ಕಾರಿನ ಒಳಮೈ

ಆ ಬೆಳಿಗ್ಗೆ ಮಳೆ ನಿಂತಿತ್ತು. ನಿಂತಿತ್ತು ಎನ್ನುವುದಕ್ಕಿಂತ, ದೇವರ ಮುಂದೆ ಅತ್ತು ಸುಸ್ತಾದ ಹೆಂಗಸಿನ ಹಾಗೆ ಮೂಗು ಒರೆಸಿಕೊಳ್ಳುತ್ತ ಕೂತಿತ್ತು ಎನ್ನಬೇಕು. ಅಂಕೋಲೆ ಹತ್ತಿರದ ಕೇಣಿಯ ಸಮುದ್ರ ಎರಡು ತಿಂಗಳ ಸಿಟ್ಟನ್ನು ಇಳಿಸಿ ಬೂದುಬಣ್ಣಕ್ಕೆ ಬಂದಿತ್ತು. ಮರುದಿನ ನೂಲ ಹುಣ್ಣಿಮೆ. ಸಮುದ್ರಕ್ಕೆ ತೆಂಗಿನಕಾಯಿ ಬಿಟ್ಟು, ತಪ್ಪಾದ್ದು ಹೊಟ್ಟೆಗೆ ಹಾಕಿಕೋ ತಾಯಿ ಎಂದು ಕೈಮುಗಿದು, ದೋಣಿ ಇಳಿಸುವ ದಿನ.

ಅಂಥ ಬೆಳಿಗ್ಗೆ ಬಾಳಾನ ಕುಶನ್ ಅಂಗಡಿಯ ಮುಂದೆ ಒಂದು ಕೆಂಪು ಕಾರು ಬಂದು ನಿಂತಿತು. ಇಸವಿ ಎಂಬತ್ತೆಂಟು. ಬಾಳಾ ಅಲ್ಲಿಯವರೆಗೆ ರಿಕ್ಷಾ, ಟೆಂಪೋಗಳ ಸೀಟು ಹೊಲಿದವನೇ ಹೊರತು ಇಂಥದ್ದನ್ನು ಮುಟ್ಟಿದವನಲ್ಲ. ಎರಡೇ ಸೀಟು, ಮಡಚುವ ಬಟ್ಟೆಯ ಮಾಡು, ಹೊಟ್ಟೆ ನೆಲಕ್ಕೆ ತಾಗುವಷ್ಟು ಗಿಡ್ಡ. ಮೂವತ್ತು ವರ್ಷದ ಹಿಂದೆ ವಿಲಾಯಿತಿಯಲ್ಲಿ ರೇಸಿಗೆ ಓಡಿದ್ದಂತೆ. ಈಗ ಗೋವೆಯಿಂದ ಚಿತ್ತಾಕುಲದ ಸಾಯಿನಾಥ ಸಾವಕಾರರ ಕೈಗೆ ಬಂದಿತ್ತು. ಹೊರಗೆ ದಾಸವಾಳದಂಥ ಬಣ್ಣ. ಒಳಗೆ ನೋಡಿದರೆ ಇಲಿ ಹೆತ್ತ ಹಾಸಿಗೆ.

"ಸಂಜೆ ಐದಕ್ಕೆ ಹೊರಡ್ಬೇಕು ಬಾಳಾ," ಎಂದ ಡ್ರೈವರ್ ಕಿಶನ. "ನಾಳೆ ಪಣಜಿಯಲ್ಲಿ ಹಳೇ ಕಾರುಗಳ ಮೆರವಣಿಗೆ. ಸೀಟು, ಬಾಗಿಲ ಒಳಗಡೆ, ಎಲ್ಲಾ ಹೊಸದು ಆಗ್ಬೇಕಂತೆ. ಚರ್ಮ ಕಳ್ಸಿದಾರೆ."

"ಮತ್ತೆ ದೋಣಿ?"

"ಕೆಲಸ ಆದ್ರೆ ಇವತ್ತೇ ಬಿಟ್ಟುಕೊಡ್ತೆ ಅಂದಾರೆ," ಎಂದ ಕಿಶನ ತನ್ನ ಚಪ್ಪಲಿ ನೋಡುತ್ತ.

ಬಾಳಾನ ಅಪ್ಪ ಕಾಳಿ ನದಿಯ ಬಾಯಲ್ಲಿ ಮೀನು ಹಿಡಿಯುತ್ತಿದ್ದವನು. ಮೂರು ವರ್ಷದ ಹಿಂದೆ ಮಳೆಗಾಲ ಕಳೆಯಲೆಂದು ತನ್ನ ಸಣ್ಣ ದೋಣಿಯನ್ನು ಅಲ್ಲೇ ದಡದ ಚಿತ್ತಾಕುಲದಲ್ಲಿದ್ದ ಸಾಯಿನಾಥರ ಐಸ್ ಫ್ಯಾಕ್ಟರಿಯ ಶೆಡ್ಡಿಗೆ ಎಳೆದಿಟ್ಟ. ಮಳೆಗಾಲ ಕಳೆಯಿತು, ಅಪ್ಪ ಉಳಿಯಲಿಲ್ಲ; ಜ್ವರದಲ್ಲಿ ನಡುವೆಯೇ ಹೊರಟುಬಿಟ್ಟ. ಬಾಳಾ ಕೇಳಲು ಹೋದಾಗಲೆಲ್ಲ ಶೆಡ್ಡಿಗೆ ಬೀಗ. "ದೋಣಿ ಎಲ್ಲಿ ಓಡಿಹೋಗ್ತದೆ ರಾ? ಇರ್ಲಿ," ಎಂದು ಸಾಯಿನಾಥರು ನಗುತ್ತಿದ್ದರು. ಈ ಹುಣ್ಣಿಮೆಗೆ ಅಪ್ಪನ ದೋಣಿಯಲ್ಲೇ ಕಾಯಿ ಬಿಡುತ್ತೇನೆಂದು ತಾಯಿ ಸೋಮಿ ಹರಕೆ ಹೊತ್ತಿದ್ದಳು. ಎರಡು ತಿಂಗಳು ಕೂತು ಹೊಸ ಬಲೆಯನ್ನೂ ನೇಯ್ದಿದ್ದಳು.

ಬಾಳಾ ದೇವರ ಹೆಸರು ಹೇಳಿ ಹಳೆಯ ಸೀಟಿನ ಹೊಟ್ಟೆ ಸೀಳಿದ. ಒಳಗಿಂದ ರಾಶಿ ರಾಶಿ ಕರೀ ಕೂದಲು ಹೊರಬಿತ್ತು.

ಮೀನುಬುಟ್ಟಿ ಹೊತ್ತು ಹೊರಟಿದ್ದ ಪಕ್ಕದ ಮನೆಯ ಗಂಗೂ ಅಲ್ಲೇ ನಿಂತಳು. "ಅಯ್ಯಯ್ಯೋ, ಇದ್ಯಾರ ಕೂದ್ಲಾ?"

"ಬಿಳೀ ಹೆಂಗಸರದ್ದು," ಎಂದ ಮುದುಕ ಹುಲಿಯಾ. ಅವನಿಗೆ ಕಣ್ಣು ಮಂಜಾಗಿ ಕಡಲಿನ ಕೆಲಸ ತಪ್ಪಿದ ಮೇಲೆ ಗೊತ್ತಿಲ್ಲದ್ದು ಯಾವುದೂ ಉಳಿದಿರಲಿಲ್ಲ. "ಸತ್ತ ಮೇಲೆ ಕತ್ತರ್ಸಿ ತುಂಬ್ತಾರೆ."

"ಕುದುರೆ ಬಾಲದ್ದು ಮಾರಾಯ್ತಿ," ಎಂದ ಕಿಶನ.

"ಕುದುರೆ ಆದ್ರೇನು, ಅದೂ ಸತ್ತದ್ದೇ ಅಲ್ದಾ? ಹುಣ್ಣಿಮೆ ಹಿಂದಿನ ದಿವ್ಸ ಬಾಗಿಲಲ್ಲಿ ಸತ್ತದ್ದರ ಕೂದ್ಲು!"

ಬಾಳಾ ಬಾಯಿ ತೆರೆಯುವುದರೊಳಗೆ ಹುಲಿಯಾ ಅದನ್ನೆಲ್ಲ ಕೋಲಿನಿಂದ ಬುಟ್ಟಿಗೆ ತುಂಬಿ ಹಳ್ಳಕ್ಕೆ ಬಿಟ್ಟು ಬಂದು, ಕಾಲು ತೊಳೆದುಕೊಂಡ. ಇಳಿತದ ನೀರು ವಿಲಾಯಿತಿ ಕುದುರೆಯನ್ನು ಅರಬ್ಬೀ ಸಮುದ್ರಕ್ಕೆ ಒಯ್ದಿತು.

ಇನ್ನೇನು, ತೆಂಗಿನ ನಾರೇ ಗತಿ. ಬಾಳಾ ರಿಕ್ಷಾಕ್ಕೆ ತುಂಬುವ ಹಾಗೆ ಗಟ್ಟಿಯಾಗಿ ತುಂಬಿದ. ಆದರೆ ಸಾವಕಾರರ ಚರ್ಮ ಒಣಗಿದ ಶಾರ್ಕಿನಷ್ಟು ಬಿರುಸು, ಸೂಜಿಯೇ ಇಳಿಯಲಿಲ್ಲ. ದೋಣಿಯ ಮೈ ಬಿರಿದರೆ ಕೇಣಿಯವರು ಏನು ಮಾಡುತ್ತಾರೋ ಬಾಳಾನೂ ಅದನ್ನೇ ಮಾಡಿದ. ತಾರ್ಲೆ ಮೀನಿನ ಎಣ್ಣೆ ತಂದು ಎರಡು ಕೈಯಿಂದ ತಿಕ್ಕಿದ. ಚರ್ಮ ಬಾಣಂತಿಯ ಕೂಸಿನ ಹಾಗೆ ಮೆತ್ತಗಾಯಿತು. ಹನ್ನೆರಡಕ್ಕೆ ಸೀಟು ತಯಾರು.

"ಕೂತು ನೋಡು ಕಿಶನ."

ಕಿಶನ ಕಾರಿನೊಳಗೆ ಇಳಿದು ಕೂತ. ತಲೆ ಮುಂದಿನ ಗಾಜಿಗಿಂತ ಒಂದು ಗೇಣು ಮೇಲೆ. ಸ್ಟಿಯರಿಂಗ್ ಹೊಟ್ಟೆಯೊಳಗೆ. ಏಳಲು ನೋಡಿದ, ಬಾಟಲಿಗೆ ಹೊಕ್ಕ ಬೂಚಿನ ಹಾಗೆ ಮಿಸುಕಲಿಲ್ಲ. ಬಾಳಾ, ಹುಲಿಯಾ, ಗಂಗೂ ಮೂವರೂ ಸೇರಿ ಎಳೆದರು.

"ಉಸಿರು ಬಿಡು ರಾ, ಉಸಿರು ಬಿಡು!" ಎಂದಳು ಗಂಗೂ. "ಐದು ಹೆತ್ತಿದ್ದೆ ನಾನು, ಇಷ್ಟು ಕಷ್ಟ ಬಿದ್ದಿಲ್ಲ."

ಅರ್ಧ ನಾರು ತೆಗೆದು ಮತ್ತೆ ಹೊಲಿಯುವಷ್ಟರಲ್ಲಿ ಎರಡು ಗಂಟೆ. ಆಗ, ಅಷ್ಟು ದಿನ ಮುಖ ತೋರಿಸದ ಸೂರ್ಯನಾರಾಯಣ, ಭಕ್ತನ ಕಷ್ಟ ನೋಡಿ ಬಂದವನಂತೆ ಪೂರ್ತಿ ಹೊರಗೆ ಬಂದ. ಬಿಸಿಲಿಗೆ ತಾರ್ಲೆ ಎಣ್ಣೆ ಎಚ್ಚರಗೊಂಡಿತು. ಮೊದಲು ಒಂದು ಬೆಕ್ಕು ಬಂತು. ಆಮೇಲೆ ಹನ್ನೊಂದು. ಬಾಗಿಲ ಮೇಲೆ ಕಾಗೆಗಳು ಪಂಚಾಯ್ತಿಗೆ ಕೂತವು.

"ಸಾವಕಾರ್ರು ಇದ್ರಲ್ಲಿ ಪಣಜಿಗೆ ಹೋದ್ರೆ," ಎಂದ ಕಿಶನ ಮೂಗು ಮುಚ್ಚಿಕೊಂಡು, "ಮೆರವಣಿಗೆ ಅವ್ರ ಹಿಂದೆ ಹೋಗೂದಿಲ್ಲ. ಬೆಕ್ಕು ಹೋಗ್ತವೆ."

"ವಾಸನೆಗೆ ಧೂಪ ಒಂದೇ ಮದ್ದು," ಎಂದಳು ಗಂಗೂ. ದೇವರ ಗೂಡಿನಿಂದ ಕೆಂಡದ ಸಮೇತ ಧೂಪದ ಬಟ್ಟಲು ತಂದು, ದೇವರಿಗೆ ತೋರಿಸುವಷ್ಟೇ ಭಕ್ತಿಯಿಂದ ಸೀಟಿನ ಕೆಳಗೆ ಇಟ್ಟಳು. ಪರಿಮಳ ಬಂತು. ಹೊಗೆ ಬಂತು. ಹೊಗೆ ಸ್ವಲ್ಪ ಹೆಚ್ಚೇ ಬಂತು.

"ನಾರಿಗೆ ಹಿಡೀತು! ನೀರು, ನೀರು!"

ಹುಲಿಯಾ ಓಡಿ ಕೈಗೆ ಸಿಕ್ಕ ಎರಡು ಕೊಡ ಉಪ್ಪುನೀರು ಹೊಯ್ದ. ಬೆಂಕಿ ಆರಿತು. ಚರ್ಮ ಉಳಿಯಿತು, ಧೂಪ ಎಣ್ಣೆಯನ್ನು ಗೆದ್ದಿತು. ಆದರೆ ಒಳಗೆ ನಾರು ಅರ್ಧ ಸುಟ್ಟು, ಅರ್ಧ ಉಬ್ಬಿ, ಸೀಟಿನಿಂದ ಕರೀ ನೀರು ಸೋರತೊಡಗಿತು.

ಮೂರೂವರೆ ಗಂಟೆ. ಊರಲ್ಲಿ ಇನ್ನು ಒಣ ನಾರಿಲ್ಲ. ಹತ್ತಿ ತರಲು ಕಾರವಾರಕ್ಕೆ ಹೋದರೆ ಐದು ದಾಟುತ್ತದೆ. ಬಾಳಾ ಕಾರಿನ ಪಕ್ಕ ಕುಕ್ಕರುಗಾಲಲ್ಲಿ ಕೂತ. ಅಪ್ಪನ ಹೆಣದ ಪಕ್ಕ ಕೂತದ್ದೂ ಹೀಗೆಯೇ.

ಒಳಗಿಂದ ಸೋಮಿ ಬಂದಳು. ತೋಳಿನ ಮೇಲೆ ಹೊಸ ಬಲೆ, ಇನ್ನೂ ನೀರು ಕಾಣದ ಬೆಳ್ಳಗಿನ ನೈಲಾನು.

"ಇದ್ನ ತುಂಬು," ಎಂದಳು.

"ಆಯಿ, ನಾಳೆ ಏನ ಬೀಸೂದು?"

"ದೋಣಿ ಇದ್ರೆ ಬಲೆ ಇನ್ನೊಂದು ನೇಯ್ಬಹುದು ತಮಾ. ಬಲೆ ಇದ್ರೆ ದೋಣಿ ನೇಯೂಕೆ ಆಗೂದಿಲ್ಲ."

ಬಾಳಾ ಸುಟ್ಟ ನಾರನ್ನು ಕಿತ್ತು, ಬಲೆಯನ್ನು ಮಡಿಕೆ ಮಡಿಕೆಯಾಗಿ ಸೀಟಿಗೆ ತುಂಬಿ ಹೊಲಿದ. ಕೂತರೆ ಅಲೆಯ ಮೇಲೆ ಕೂತ ಹಾಗೆ, ತಗ್ಗಿತು, ಎತ್ತಿತು. ಕಿಶನ ಸಲೀಸಾಗಿ ಕೂತ, ಸಲೀಸಾಗಿ ಎದ್ದ.

"ಮುಗೀತಲ್ಲಾ?" ಎಂದ ಬಾಳಾ.

ಕಿಶನ ತಲೆ ಕೆರೆದುಕೊಂಡ. ಡಿಕ್ಕಿ ತೆಗೆದು, ಗೋಣಿ ಸುತ್ತಿದ ನಾಲ್ಕು ಹಲಗೆಗಳನ್ನು ಇಳಿಸಿದ. "ಮೀಟರಿನ ಸುತ್ತ, ಬಾಗಿಲಿಗೆ... ಇದೇ ಮರ ಹಾಕ್ಬೇಕಂತೆ."

"ಬೆಳಗ್ಗೆ ಕೊಡೂಕೆ ಏನಾಗಿತ್ತಾ ನಿಂಗೆ?"

ಕಿಶನ ಬೀಡಿ ಹಚ್ಚಿ ಸಮುದ್ರದ ಕಡೆ ತಿರುಗಿ ನಿಂತ.

ಬಡಗಿ ಕೀಸಿ ನುಣುಪು ಮಾಡಿ ಕೊಟ್ಟ ಹಲಗೆಗಳು. ಬಾಳಾ ಗರಗಸ ಇಟ್ಟ. ಬೆಣ್ಣೆಗೆ ಕತ್ತಿ ಹೋದ ಹಾಗೆ ಹೋಯಿತು. ಆ ದಿನ ಅವನ ಮಾತು ಕೇಳಿದ ಮೊದಲ ವಸ್ತು ಅದು. ಎಲ್ಲಿ ಬಾಗಬೇಕೋ ಅಲ್ಲಿ ಮೊದಲೇ ಸ್ವಲ್ಪ ಬಾಗಿತ್ತು. ಮೆರುಗಿಗೆ ಎಣ್ಣೆ ಒರೆಸಲು ಹೋಗಿ ಕೈ ತಡೆದ. "ಇದಕ್ಕೆ ಎಣ್ಣೆ ಬೇಡ ಮಾರಾಯ, ಹೊಟ್ಟೆ ತುಂಬ ಕುಡಿದದೆ," ಎಂದ. ನಾಲ್ಕೂ ಮುಕ್ಕಾಲಿಗೆ ಕೊನೆಯ ಮೊಳೆ ಹೊಡೆದಾಗ, ಕಾರಿನ ಒಳಮೈ ಗರ್ಭಗುಡಿಯ ಹಾಗೆ ಹೊಳೆಯುತ್ತಿತ್ತು. ಗಂಗೂ ಅರಿಯದೆ ಕೈಮುಗಿದಳು.

ಬಾಳಾನೂ ಕಾರಿನಲ್ಲೇ ಹೊರಟ. ಫ್ಯಾಕ್ಟರಿಯ ಐಸಿನ ಲಾರಿ ಬೆಳಗ್ಗೆ ಅಂಕೋಲೆಗೆ ಬರುತ್ತದೆ. ದೋಣಿಯನ್ನು ಅದರ ಮೇಲೆ ಕಟ್ಟಿ, ತಾನೂ ಹತ್ತಿ ಬರುವುದೆಂದು ಲೆಕ್ಕ. ಕಾರವಾರ ದಾಟಿ, ಕಾಳಿ ಸೇತುವೆ ದಾಟುವವರೆಗೂ ಅವನು ಬಾಗಿಲಿನ ಮರದ ಮೇಲೆ ಅಂಗೈ ಇಟ್ಟುಕೊಂಡೇ ಕೂತಿದ್ದ.

ಸಾಯಿನಾಥರು ಫ್ಯಾಕ್ಟರಿಯ ಅಂಗಳದಲ್ಲೇ ಕಾಯುತ್ತಿದ್ದರು. ಕಾರಿನೊಳಗೆ ಕೂತರು, ಮೇಲೆ ಕೆಳಗೆ ಅಲುಗಿ ನೋಡಿದರು, ಮಗುವಿನ ಹಾಗೆ ನಕ್ಕರು. "ಬಾಳಾ, ಕೈ ಅಂದ್ರೆ ನಿಂದು!"

"ಸಾವಕಾರ್ರೆ, ದೋಣಿ. ನಾಳೆ ಹುಣ್ಣಿಮೆ."

"ಅದ್ರ ಎದುರಿಗೇ ಕೂತ್ಕಂಡು ಬಂದ್ಯಲ್ಲಾ ರಾ!" ಸಾಯಿನಾಥರು ಮೀಟರಿನ ಸುತ್ತಲಿನ ಮರವನ್ನು ಪ್ರೀತಿಯಿಂದ ತಟ್ಟಿದರು. "ಶೆಡ್ಡಲ್ಲಿ ಒರಲೆ ಹತ್ತಿ ತಳ ಎಲ್ಲಾ ಹೋಗಿತ್ತು. ಪಕ್ಕದ ನಾಲ್ಕೇ ಹಲಗೆ ಗಟ್ಟಿ ಇದ್ದದ್ದು. ಬೇರೆಯವ್ರಾದ್ರೆ ಒಲೆಗೆ ಹಾಕ್ತಿದ್ರು. ನಾನು ಪಣಜಿಗೆ ಒಯ್ತೆ. ನಿನ್ನಪ್ಪನ ದೋಣಿನ ನಾಳೆ ಸಾವಿರ ಜನ ನೋಡ್ತಾರೆ."

ಹೊರಗೆ ನಿಂತ ಬಾಳಾನ ಅಂಗೈ ಇನ್ನೂ ಬಾಗಿಲ ಮೇಲೆಯೇ ಇತ್ತು. "ಬೆಳಗ್ಗೆ ಒಂದು ಮಾತು ಹೇಳ್ಬಹುದಿತ್ತು," ಎಂದ.

"ಹೇಳಿದ್ರೆ ನಿನ್ನ ಗರಗಸ ನೆಟ್ಟಗೆ ಹೋಗ್ತಿತ್ತನಾ?"

ಅದರಲ್ಲಿ ಕುಹಕವಿರಲಿಲ್ಲ. ಬುದ್ಧಿ ಹೇಳುವ ಹಿರಿಯನ ದನಿಯೇ ಇತ್ತು. ಸಾಯಿನಾಥರು ಕೀಲಿ ತಿರುವಿದರು. ಕೆಳಗೆ ಬಲೆ, ಮುಂದೆ ದೋಣಿ. ಸಂಜೆಯ ಗಾಳಿ ಕುಡಿಯಲು ಸೇತುವೆಯ ಕಡೆ ಹೊರಟೇಬಿಟ್ಟರು. ಕೆಂಪು ಕಾರು ಕಾಳಿಯ ನೀರಿನ ಮೇಲೆ, ಒಂದು ಹನಿಯೂ ತಾಗದ ಹಾಗೆ, ದಾಟಿ ಹೋಯಿತು.

ಬಾಳಾ ಅಂಗಳದಲ್ಲಿ ನಿಂತೇ ಇದ್ದ. ಕಿಶನ ಶೆಡ್ಡಿನ ಬೀಗ ತೆಗೆದು ಒಳಗೆ ಹೋದ. ಏನೋ ಸರಿಸಿದ ಸದ್ದಾಯಿತು. ಹೊರಗೆ ಬಂದವನು, ಆ ದೋಣಿಯಲ್ಲಿ ಉಳಿದಿದ್ದ, ನೀರು ಗೋರುವ ಮರದ ಚಿಪ್ಪನ್ನು ತನ್ನ ಅಂಗಿಯ ತುದಿಯಿಂದ ಒರೆಸಿ, ಮುಖ ನೋಡದೆ ಬಾಳಾನ ಕೈಯಲ್ಲಿಟ್ಟ.