ಕಡಲಿಗೆ ಹೆದರುವ ಭಾವ ಕಡಲ ಮೇಲೆ ಊರು ಕಟ್ಟಿದ್ದು

ನಮ್ಮ ಭಾವನಷ್ಟು ಧೈರ್ಯಸ್ಥರನ್ನು ನಾನು ಇನ್ನೂ ನೋಡಿಲ್ಲ. ನಗಬೇಡಿ! ಒಂದೇ ದಿನದಲ್ಲಿ ಅಷ್ಟೊಂದು ವಿಷಯಗಳಿಗೆ ಹೆದರಿ, ಮರುದಿನ ಮತ್ತೆ ಎದ್ದು, ಹಲ್ಲುಜ್ಜಿ, ಇಸ್ತ್ರಿ ಅಂಗಿ ಹಾಕಿಕೊಂಡು ಆಫೀಸಿಗೆ ಹೊರಡಬೇಕಾದರೆ ಎಂಥ ಗುಂಡಿಗೆ ಬೇಕು ಹೇಳಿ? ಲಿಫ್ಟಿಗೆ ಹೆದರಿಕೆ, ಬೆಕ್ಕಿಗೆ ಹೆದರಿಕೆ. ಟೆಲಿಫೋನು ಹೊಡೆದುಕೊಂಡರೆ ಹೆದರಿಕೆ, ಸುಮ್ಮನಿದ್ದರೆ ಇನ್ನೂ ಹೆದರಿಕೆ.

ಎಲ್ಲಕ್ಕಿಂತ ದೊಡ್ಡ ಹೆದರಿಕೆ ಕಡಲಿನದು. ಹುಟ್ಟಿದ್ದು ಮಲ್ಪೆಯ ಹತ್ತಿರ, ಅಲೆಯ ಸದ್ದು ಕೇಳಿಯೇ ಬೆಳೆದವರು. ಕೇಳಿದರೆ, "ಘಟ್ಟದ ಮೇಲಿನವರಿಗೆ ಕಡಲು ಚಂದ ಮಾರಾಯ. ಅದು ಮಳೆಗಾಲದಲ್ಲಿ ತೆಂಗಿನಮರ ನುಂಗುವುದನ್ನು ನಾವು ಕಣ್ಣಾರೆ ನೋಡಿದವರು" ಎನ್ನುತ್ತಿದ್ದರು. ಇಂಥವರಿಗೆ ಅನ್ನದ ಋಣ ಇದ್ದದ್ದು ಎಲ್ಲಿ? ನಾಲ್ಕೂ ಕಡೆ ಕಡಲಿರುವ ಬಹ್ರೈನಿನಲ್ಲಿ! ಬುಸೈತೀನಿನ ನಮ್ಮ ಬಾಡಿಗೆ ಫ್ಲಾಟಿನಿಂದ ಮನಾಮಾದ ಆಫೀಸಿಗೆ ಹೋಗಲು ನೀರಿನ ನಡುವಿನ ರಸ್ತೆ ದಾಟಲೇಬೇಕು. ಕಾರು ಓಡಿಸುತ್ತಿದ್ದವನು ನಾನು. ಭಾವ ಪಕ್ಕದಲ್ಲಿ ಬಾಗಿಲ ಹಿಡಿ ಹಿಡಿದು, ಕಣ್ಣು ಮುಚ್ಚಿ, "ಬಂತಾ? ಬಂತಾ?" ಎನ್ನುತ್ತ ಕೂರುತ್ತಿದ್ದರು.

ಅವರು ಒಂದು ಕನ್ಸಲ್ಟೆಂಟ್ ಆಫೀಸಿನಲ್ಲಿ ಡ್ರಾಫ್ಟ್ಸ್‌ಮನ್, ನಾನು ಅಲ್ಲೇ ಟೈಪಿಸ್ಟ್. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಎಲ್ಲಿ ನೋಡಿದರೂ ಕಡಲು ತುಂಬಿಸಿ ನೆಲ ಮಾಡುವ ಕೆಲಸ. ನಮ್ಮ ಆಫೀಸಿಗೂ ಅಂಥದ್ದೊಂದು ಸಿಕ್ಕಿತು. ನೀರಿಗೆ ಮಣ್ಣು ಹಾಕಿ, ಅದರ ಮೇಲೆ ಮನೆ, ಮಸೀದಿ, ಶಾಲೆ, ದಡದುದ್ದಕ್ಕೂ ನಡೆದಾಡುವ ಹಾದಿ ಇರುವ ಹೊಸ ಊರು. ನಕ್ಷೆ ಬರೆಯುವವರು ಯಾರು? ನಮ್ಮ ಭಾವ!

ನಕ್ಷೆಯೇನು ಒಂದೇ ಸಲಕ್ಕೆ ಒಪ್ಪಿಗೆಯಾಗುತ್ತದೆಯೇ? ಕರೆಂಟಿನವರು ಒಪ್ಪಿದರೆ ನೀರಿನವರು ಒಪ್ಪುವುದಿಲ್ಲ, ನೀರಿನವರು ಒಪ್ಪಿದರೆ ರಸ್ತೆಯವರಿಗೆ ಸಿಟ್ಟು. ಪ್ರತಿ ಸಲ ವಾಪಸು ಬಂದಾಗಲೂ ಭಾವ ಹೊಸದಾಗಿ ಬರೆಯಬೇಕು. ಬರೆಯುವಾಗೆಲ್ಲ ಯಾರಿಗೂ ಹೇಳದೆ ಒಂದು ಕೆಲಸ ಮಾಡುತ್ತಿದ್ದರು. ಕಡಲಿಗೆ ಎದುರಾದ ಮೊದಲ ಸಾಲಿನ ಮನೆಗಳನ್ನು ಕೂದಲೆಳೆಯಷ್ಟು ಹಿಂದಕ್ಕೆ ಸರಿಸುವುದು! ಪಾಪ, ಅಲೆ ಬಂದರೆ?

ಹೀಗೆ ಸರಿಸಿ ಸರಿಸಿ ಒಂದು ದಿನ ಮೊದಲ ಸಾಲು ಶಾಲೆಯ ಅಂಗಳಕ್ಕೆ ಬಂದು ನಿಂತಿತು. ನಮ್ಮ ಇಂಗ್ಲಿಷ್ ಸಾಹೇಬ ಹಳೆಯ ನಕ್ಷೆಯನ್ನೂ ಹೊಸದನ್ನೂ ಪಕ್ಕಪಕ್ಕ ಹರಡಿ ಕೂಗಿದ: "ನೀರಿನ ದಡದ ಊರು ನೀರು ಬಿಟ್ಟು ಯಾಕೆ ಓಡ್ತಾ ಇದೆ?"

"ಕಡಲು ಉಕ್ಕಿ ಭರತ ಬಂದರೆ, ಸರ್..."

"ಇನ್ನೊಂದು ಸಲ ಹೀಗಾದರೆ ನಿನಗೆ ಟಿಕೆಟ್!"

ಗಲ್ಫಿನಲ್ಲಿ ಟಿಕೆಟ್ ಎಂದರೆ ಗೊತ್ತಲ್ಲ? ಕೆಲಸ ಹೋಯಿತು, ವೀಸಾ ಹೋಯಿತು, ಗಂಟುಮೂಟೆ ಕಟ್ಟಿ ಊರಿಗೆ. ನಾನೂ ಆವತ್ತು ನಗಲಿಲ್ಲ. ಯಾಕೆಂದರೆ ನನ್ನ ಅಕ್ಕ ಆಗಷ್ಟೇ ಊರಿನಿಂದ ಬಂದಿದ್ದಳು. ಮದುವೆಯಾಗಿ ಇಷ್ಟು ವರ್ಷ ಅವಳಿಗೆ ರಜೆಯಲ್ಲಿ ಬರುವ ಗಂಡ, ಇವರಿಗೆ ಕಾಗದದಲ್ಲಿ ಬರುವ ಹೆಂಡತಿ. ಒಂದೇ ಸೂರಿನಡಿ ಸಂಸಾರ ಹೂಡಿದ್ದೇ ಈಗ. ಅದೂ ಅಕ್ಕ ಬಸುರಿ, ಸಲ್ಮಾನಿಯಾ ಆಸ್ಪತ್ರೆಯಲ್ಲಿ ತೋರಿಸುತ್ತಿದ್ದೆವು. ಟಿಕೆಟ್ ಸಿಕ್ಕಿದರೆ ಆ ಮನೆಯೂ ಇಲ್ಲ, ಆ ಸಂಸಾರವೂ ಇಲ್ಲ. ಆವತ್ತಿನಿಂದ ಭಾವನಿಗೆ ಊಟ ಸೇರಲಿಲ್ಲ. ಅಕ್ಕನಿಗೆ ಮಾತ್ರ ವಿಷಯ ಹೇಳಲಿಲ್ಲ. ಹೇಳುವುದಕ್ಕೂ ಹೆದರಿಕೆ!

ಕೊನೆಗೆ ಎಲ್ಲ ಇಲಾಖೆಯವರೂ ಒಟ್ಟಿಗೆ ಕೂತು ತೀರ್ಮಾನಿಸುವ ದಿನ ಗೊತ್ತಾಯಿತು. ಅದಕ್ಕಾಗಿ ಭಾವ ಊರಿನ ಮಾದರಿಯೊಂದನ್ನು ತಯಾರಿಸಿದರು. ಥರ್ಮೋಕೋಲಿನ ಮನೆಗಳು, ಹಸಿರು ಬಣ್ಣ ಬಳಿದ ಸ್ಪಂಜಿನ ಮರಗಳು, ನೀಲಿ ಗಾಜಿನ ಕಡಲು. ಅಬ್ಬಾ, ಎಂಥ ಕೈ! ಆಫೀಸಿನವರೆಲ್ಲ ಬಂದು ನೋಡಿದ್ದೇ ನೋಡಿದ್ದು, ಹೊಗಳಿದ್ದೇ ಹೊಗಳಿದ್ದು. ಸಾಹೇಬನೂ "ಬ್ಯೂಟಿಫುಲ್" ಎಂದ. ಹೊಗಳಿಕೆ ಹೆಚ್ಚಿದಂತೆ ಭಾವನ ಮುಖ ಬಾಡುತ್ತ ಹೋಯಿತು.

ಮರುದಿನ ಮೀಟಿಂಗಿನಲ್ಲಿ ಟಿಪ್ಪಣಿ ಬರೆದುಕೊಳ್ಳಲು ನಾನೂ ಇದ್ದೆ. ಮಾದರಿಯ ಮೇಲಿನ ಬಟ್ಟೆ ತೆಗೆದರು. ದಡದ ಹಾದಿಯ ಮೂಲೆಯಲ್ಲಿ, ಮೊದಲ ಸಾಲಿನ ಎದುರು, ದಪ್ಪಗೆ ಒಂದು ಕಪ್ಪು ಚುಕ್ಕೆ. ದೃಷ್ಟಿಬೊಟ್ಟು! ಭಾವನತ್ತ ನೋಡಿದೆ. ಅವರು ಗೋಡೆ ನೋಡುತ್ತಿದ್ದರು.

ಅಧ್ಯಕ್ಷತೆ ವಹಿಸಿದ್ದವರು ಒಬ್ಬ ವಯಸ್ಸಾದ ಅರಬ್ಬಿ ಅಧಿಕಾರಿ. ಬಿಳಿ ನಿಲುವಂಗಿ, ಕೈಯಲ್ಲಿ ಜಪಮಣಿ. ಅವರ ಬೆರಳು ನೇರ ಅಲ್ಲಿಗೇ ಬಂತು. "ಇದೇನು?"

ಸಾಹೇಬ ಕನ್ನಡಕ ಏರಿಸಿ ನೋಡಿದ. ಅವನಿಗೇನು ಗೊತ್ತು? ಅಷ್ಟರಲ್ಲಿ ಶುರುವಾಯಿತು ನೋಡಿ! "ಟ್ರಾನ್ಸ್‌ಫಾರ್ಮರ್ ಅಲ್ಲಿಡಲು ನಾವು ಒಪ್ಪಿಲ್ಲ" ಎಂದರು ಕರೆಂಟಿನವರು. "ಕೊಳಚೆ ನೀರು ಕಡಲಿಗೆ ಬಿಡುವ ಬಾಯಿಯೇ? ನಮ್ಮನ್ನು ಕೇಳಲೇ ಇಲ್ಲ!" ಎಂದರು ನೀರಿನವರು. "ಹಾದಿಯ ನಡುವೆ ಕಂಬವೇ?" ಎಂದು ರಸ್ತೆಯವರು ಎದ್ದೇ ನಿಂತರು. ಒಂದು ಚುಕ್ಕೆಗೆ ಮೂರು ತಕರಾರು! ಸಾಹೇಬ ಕೆಂಪಾಗಿ ಭಾವನತ್ತ ತಿರುಗಿದ. ಶಾಯಿ ಬಿತ್ತು ಸರ್ ಅನ್ನಿ ಭಾವ, ಅಷ್ಟು ಅನ್ನಿ ಸಾಕು, ಎಂದು ಒಳಗೊಳಗೇ ಬೇಡಿಕೊಂಡೆ.

ಸುಳ್ಳು ಹೇಳಲೂ ಹೆದರುವ ಮನುಷ್ಯ! ನಡುಗುವ ಇಂಗ್ಲಿಷಿನಲ್ಲಿ ಹೇಳಿದರು: "ಸರ್, ಅದು ಜನರ ಕಣ್ಣಿಗೆ. ನಿನ್ನೆ ಎಲ್ಲರೂ ಚಂದ, ಚಂದ ಅಂದರು. ನಮ್ಮಲ್ಲಿ ಮಗುವನ್ನು ಹಾಗೆ ಹೊಗಳಿದರೆ ತಾಯಿ ಕೆನ್ನೆಗೆ ಕಪ್ಪು ಹಚ್ಚುತ್ತಾಳೆ. ಇದು ಕಡಲ ಬಾಯಲ್ಲಿರುವ ಊರು, ಸರ್. ಯಾರದೋ ಮಕ್ಕಳು ಮಲಗುವ ಜಾಗ."

ಹಿರಿಯ ಅಧಿಕಾರಿ ಜಪಮಣಿ ಎಣಿಸುವುದನ್ನು ನಿಲ್ಲಿಸಿ ಭಾವನನ್ನು ನೋಡಿದರು. ಮುಗಿಯಿತು ಎಂದುಕೊಂಡೆ.

"ಮಾಶಾಅಲ್ಲಾಹ್" ಎಂದರು ಅವರು ಮೆಲ್ಲಗೆ. ಚಂದದ್ದಕ್ಕೆ ಕಣ್ಣು ತಾಗದಿರಲೆಂದು ಅವರಲ್ಲಿ ಹೇಳುವ ಮಾತದು. "ನಮ್ಮ ತಾಯಿಯೂ ಕಣ್ಣಿಗೆ ಹೆದರುತ್ತಿದ್ದಳು. ಇರಲಿ, ಅಳಿಸಬೇಡಿ."

ಮೂರೂ ತಕರಾರು ತಣ್ಣಗಾಗಿ, ಮಧ್ಯಾಹ್ನದೊಳಗೆ ಊರಿಗೆ ಒಪ್ಪಿಗೆ ಸಿಕ್ಕಿತು. ಕರೆಂಟಿನವರಲ್ಲಿ ಒಬ್ಬರು ಮಾತ್ರ ಹೋಗುವಾಗ ನನ್ನ ಕಿವಿಯಲ್ಲಿ, "ಹಾಗಾದರೆ ಅದಕ್ಕೆ ಲೈನ್ ಎಳೆಯುವುದು ಬೇಡ ತಾನೆ?" ಎಂದು ಕೇಳಿ ಖಾತ್ರಿ ಮಾಡಿಕೊಂಡರು! ಸಾಹೇಬ ಭಾವನ ಬೆನ್ನು ತಟ್ಟಿ, "ಟಿಕೆಟಿನ ಮಾತು ಮರೆತುಬಿಡು" ಎಂದ.

ಕಾರು ಸ್ವಲ್ಪ ದೂರ ಹೋದ ಮೇಲೆ ಭಾವ, "ಟುಬ್ಲಿ ಕಡೆ ತಿರುಗಿಸು" ಎಂದರು. ಮನೆ ಇರುವುದು ನೀರಿನಾಚೆ, ಟುಬ್ಲಿ ಈಚೆ! ಗ್ಯಾರೇಜುಗಳ ಸಾಲಿನಲ್ಲಿ ಒಂದು ಬಡಗಿಯ ಅಂಗಡಿಯ ಮುಂದೆ ನಿಲ್ಲಿಸಲು ಹೇಳಿದರು. ಒಳಗೆ ಹೋಗಿ ಕೇಳಿದ್ದು ತೊಟ್ಟಿಲು.

ನನಗೆ ಗಾಬರಿಯಾಯಿತು. ಮಗು ಹುಟ್ಟುವ ಮೊದಲು ನಮ್ಮಲ್ಲಿ ಯಾರಾದರೂ ತೊಟ್ಟಿಲು ತರುತ್ತಾರೆಯೇ? ಬೆಕ್ಕಿಗೆ ಹೆದರುವ ಈ ಮನುಷ್ಯನಿಗೆ ಅದು ಗೊತ್ತಿಲ್ಲವೇ?

ಬಡಗಿ ಪಂಜಾಬಿ ಮುದುಕ. ಗಿರಾಕಿಗಳ ಕಷ್ಟ ತಿಳಿದವನು. "ಬಿಚ್ಚಿ ಜೋಡಿಸುವಂಥದ್ದು ಮಾಡಿಕೊಡ್ತೇನೆ ಸಾಹೇಬ್. ನಾಳೆ ಊರಿಗೆ ಹೋಗಬೇಕಾಗಿ ಬಂದರೂ ವಿಮಾನದಲ್ಲಿ ಹಿಡಿಸ್ತದೆ" ಎಂದ.

"ಬೇಡ, ಬೇಡ" ಎಂದರು ಭಾವ. ಅವರ ಕಣ್ಣು ತುಂಬಿ ಹರಿಯುತ್ತಿತ್ತು. "ಬಿಚ್ಚಲಿಕ್ಕೇ ಬಾರದ ಹಾಗೆ ಮೊಳೆ ಹೊಡೆಯಿರಿ."