ಗುಡ್ಡಕ್ಕೆ ನೀರು ಕುಡಿಸುವ ಮಾಮಾ

ಭಾನುವಾರ, ಜೂನ್ 8. ಬೀದರಿನ ನಮ್ಮ ಮನೆಯಲ್ಲಿ ಬರೆಯಲು ಕುಳಿತದ್ದು ಬೆಳಿಗ್ಗೆ 6.50ಕ್ಕೆ.

ನನ್ನ ಸೋದರಮಾವನಿಗೆ ಮನುಷ್ಯರಿಗಿಂತ ಗುಡ್ಡಗಳ ಬಾಯಾರಿಕೆ ಚೆನ್ನಾಗಿ ತಿಳಿಯುತ್ತದೆ! ಔರಾದ ತಾಲ್ಲೂಕಿನ ಠಾಣಾ ಕುಶನೂರಿನ ಹತ್ತಿರ ಅಜ್ಜನ ಗುಡ್ಡದ ಹೊಲವಿದೆ. ಅದು ಮಾಮಾ ಮತ್ತು ನಮ್ಮವ್ವನ ನಡುವೆ ಪಾಲಾಗಬೇಕಿತ್ತು. ಸ್ವಂತ ಹೊಲದಲ್ಲಿ ತೊಗರಿ ಬಿತ್ತಬೇಕೆಂಬುದು ಅವ್ವನ ಬಹುಕಾಲದ ಆಸೆ. ಮಾಮಾ ಮಾತ್ರ, “ತಡೀರಿ, ಮೊದಲ ಗುಡ್ಡಾನ ಕೇಳೂಣು” ಎಂದುಬಿಟ್ಟರು.

ಕೇಳುವುದು ಹೇಗೆ? ತಳ ಕತ್ತರಿಸಿದ ಎಣ್ಣೆ ಡಬ್ಬಿಯನ್ನು ನೆಲಕ್ಕೆ ಬಡಿದು, ಒಂದು ತಂಬಿಗೆ ನೀರು ಸುರಿದು, ಇಂಗುವವರೆಗೆ ಗಡಿಯಾರ ನೋಡುತ್ತ ಕೂರುವುದು! ಎರಡು ವರ್ಷ! ಬರೆದುಕೊಳ್ಳುವ ಕೆಲಸ ನನ್ನದು. ಈವರೆಗೆ 212 ತಂಬಿಗೆ.

ಕುರಿ ಮೇಯಿಸುವವರು ಸುಮ್ಮನಿರುತ್ತಾರೆಯೇ? “ಕಾಕಾ, ಗುಡ್ಡಕ್ಕ ಚಾ ಕುಡಿಸೂದು ಯಾವಾಗ್ರಿ?”

“ನೀರು ಮುಗೀಲಿ ತಡೀರಿ. ಸಕ್ಕರಿ ಎಷ್ಟು ಬೇಕಂತ ಕೇಳಿ ಹೇಳ್ತೇನಿ!”

ಮಾಮಾ ತಮಗೆ ಹೆಣ್ಣು ನೋಡಲು ಭಾಲ್ಕಿಗೆ ಹೋದಾಗ ಕುಡಿಯಲು ಕೊಟ್ಟ ನೀರನ್ನೂ ಅಂಗಳದ ಇಳಿಜಾರಿಗೆ ಸುರಿದರು. ಮನೆಯವರು ಗಾಬರಿಯಾದರು. “ಯಾಕ್ರಿ, ನೀರು ಛಲೋ ಇಲ್ಲೇನ್ರಿ?”

“ಛಲೋ ಅದಾವ್ರಿ. ನಿಮ್ಮ ನೆಲಾನ ಕುಡೀವಲ್ದು!”

ಆ ಸಂಬಂಧ ಅಲ್ಲಿಗೇ ಇಂಗಿತು.

ನಮ್ಮ ಗುಡ್ಡದ ದಕ್ಷಿಣ ಮಗ್ಗುಲು ರಸ್ತೆಗೆ ಹತ್ತಿರ, ನೋಡಲು ಚಂದ. ಆದರೆ ಬಿಸಿಲಿಗೆ ಹುಲ್ಲು ಸತ್ತು ನೆಲ ಬಿರುಸಾಗಿದೆ: ತಂಬಿಗೆಗೆ ಹತ್ತೊಂಬತ್ತು ನಿಮಿಷ. ಉತ್ತರ ಮಗ್ಗುಲು ಬರೀ ಮುಳ್ಳುಕಂಟಿ, ಹುಲ್ಲು, ಏಳೇ ನಿಮಿಷ! ಬುಡದ ಎರೆಮಣ್ಣು ಮೊದಲು ಗಟಗಟ ಕುಡಿದು, ಆಮೇಲೆ ಮುನಿಸಿಕೊಂಡವರಂತೆ ಬಾಯಿ ಮುಚ್ಚುತ್ತದೆ. ನಡು ಇಳಿಜಾರು ಮಾತ್ರ ನಿಧಾನವಾಗಿ ಕೊನೆಯವರೆಗೂ ಕುಡಿಯುತ್ತದೆ.

“ಇಷ್ಟೆಲ್ಲ ಅಳತಿ ಯಾಕ? ಛಲೋದು ತಾನ ಹೊಡ್ಕೊಳ್ಳಾಕ!” ಎಂದು ನೆಂಟರು ಆಡಿಕೊಂಡರು. ನನಗೂ ಒಂದಿಷ್ಟು ಅನುಮಾನವಿತ್ತು. ಆ ತಾರೀಖೂ ಡೈರಿಯಲ್ಲಿದೆ.

ನಿನ್ನೆ ಮಾಮಾ ಹೊಲವನ್ನು ದಕ್ಷಿಣ, ಉತ್ತರ ಎಂದು ಎರಡು ಪಾಲು ಮಾಡಿದರು. ನಮ್ಮಲ್ಲಿ ಹಿರಿಯರು ಪಾಲು ಮಾಡಬೇಕು, ಕಿರಿಯರು ಆರಿಸಬೇಕು. ಪಾಲು ಮಾಡಿದವರು ಬಾಯಿ ಬಿಡುವಂತಿಲ್ಲ. ಅವ್ವ ಎಲ್ಲರೆದುರು ರಸ್ತೆ ಬದಿಯ ದಕ್ಷಿಣದ ಪಾಲಿಗೆ ಕೈ ತೋರಿಸಿದಳು. ಮಾಮಾ ನನ್ನ ಡೈರಿ ಕಸಿದು ಅವಳ ಮುಂದೆ ಹಿಡಿದರು.

“ಬ್ಯಾಡ ತಂಗಿ. ಅದರ ಮಾರಿ ಅಷ್ಟ ಚಂದ. ಆ ಮುಳ್ಳುಕಂಟಿ ಇರೂ ಉತ್ತರದ ಪಾಲು ತಗೊ. ಮಳಿ ನೀರು ಅಲ್ಲೇ ನಿಲ್ತದ.”

“ಮತ್ತ ನಿನಗ, ಅಣ್ಣಾ?”

“ನನಗೇನು, ಕುಂತು ಕುಡಿಸೂದು ರೂಢಿ ಅದ.”

ಅವ್ವ ಅವರ ಕಾಲಿಗೆ ಬಗ್ಗಿದವಳು ಬಹಳ ಹೊತ್ತು ಏಳಲಿಲ್ಲ.

ದಕ್ಷಿಣಕ್ಕೆ ಮುಖ ಮಾಡಿದ ಬಿರುಸು ನೆಲಕ್ಕೆ ನೀರು ಕುಡಿಯುವುದನ್ನು ಕಲಿಸುವ ಉಪಾಯ ಬಲ್ಲವರಿದ್ದರೆ ದಯವಿಟ್ಟು ಬರೆದು ತಿಳಿಸಿ. ಮಾಮಾ ಯಾರನ್ನೂ ಕೇಳುವವರಲ್ಲ; ಕೇಳುತ್ತಿರುವವಳು ನಾನು.